ಹಳೆ ಕಾರಿಗೆ ಚಾರ್ಜರ್ ಇರಲಿ, ತೂತು ಬೇಡ

ಅಪ್ಪನಿಂದ ನನ್ನ ಪಾಲಿಗೆ ಬಂದ ಮೋರಿಸ್ ಮೈನರ್‌ಗೆ ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ ಹಾಕಿದ್ದೇನೆ. ಹಳೆ ಕಾರುಗಳ ಬಳಗದ ಕೆಲವರಿಗೆ ಇದು ಹಿಡಿಸಿಲ್ಲ. ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿ, 1948ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಜಗತ್ತಿನೆದುರು ಬಂದ ಕಾರಿನೊಳಗೆ ಯುಎಸ್‌ಬಿ ಯಾಕೆ ಎಂದು ಕೇಳುತ್ತಾರೆ.

ಕಾರು ರಸ್ತೆಯಲ್ಲಿ ಓಡಬೇಕಲ್ಲ, ಅದಕ್ಕೆ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಂಥ ಸಂಗ್ರಹಾಲಯದಲ್ಲಿರುವ ಕಾರುಗಳನ್ನು ಹೇಗಿವೆಯೋ ಹಾಗೇ ಉಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈಸೂರಿನಿಂದ ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವ ಕಾರಿನ ಮಾತೇ ಬೇರೆ. ಕತ್ತಲಾದ ಮೇಲೆ ಅಲ್ಲಿ ಗಾಡಿ ಕೆಟ್ಟು ನಿಂತರೆ ದಾರಿ, ಟಾರ್ಚು, ಮೆಕ್ಯಾನಿಕ್, ಮನೆಯವರು ಎಲ್ಲಕ್ಕೂ ಫೋನೇ ಗತಿ. ಪವರ್ ಬ್ಯಾಂಕ್ ಸಾಲದೇ ಎನ್ನುವವರಿದ್ದಾರೆ. ಹತ್ತಿರದ ಓಡಾಟಕ್ಕೆ ಸಾಕು. ಆದರೆ ಬಿಸಿಲಲ್ಲಿ ನಿಂತ ಕಾರಿನ ಕಾವು ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ.

ಹಾಗಾಗಿ ಸಾಕೆಟ್ ಹಾಕಬೇಕೇ ಎನ್ನುವುದಕ್ಕಿಂತ ಹೇಗೆ ಹಾಕಬೇಕು ಎನ್ನುವುದು ಮುಖ್ಯ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿದವನಾಗಿ ನನ್ನ ಆತಂಕವೆಲ್ಲ ಇಲ್ಲೇ. ನನ್ನ ಗೆಳೆಯರೊಬ್ಬರ ಕಾರಿಗೆ ಅಂಗಡಿಯೊಂದರಲ್ಲಿ ಡ್ಯಾಶ್‌ಬೋರ್ಡ್ ಕೊರೆದು ಸಾಕೆಟ್ ಕೂರಿಸಿ, ಕೈಗೆ ಸಿಕ್ಕ ಹಳೆ ವೈರನ್ನೇ ಸುಲಿದು ಜೋಡಿಸಿಬಿಟ್ಟಿದ್ದರು. ಬಿಚ್ಚಿ ನೋಡಿದೆ. ನೂಲಿನ ಹೊದಿಕೆಯ ಆ ವೈರಿನ ಒಳಗಿನ ರಬ್ಬರು ಬೆರಳು ತಾಗಿದರೆ ಸಾಕು, ಪುಡಿಪುಡಿಯಾಗಿ ಉದುರುತ್ತಿತ್ತು. ತಾಮ್ರ ಬರಿಮೈಯಲ್ಲಿ ಲೋಹಕ್ಕೆ ಒರಗಿತ್ತು. ಬೆಂಕಿ ಹತ್ತಲು ಇನ್ನೇನು ಬೇಕು?

ಮೈನರ್‌ನಲ್ಲಿ ಇನ್ನೊಂದು ಅಪಾಯವಿದೆ. ಇಂದಿನ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಸೇರಿರುತ್ತದೆ. ಆ ಕಾಲದ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ತ್. ಮಾಮೂಲಿ ಸಾಕೆಟ್ಟಿನ ಹೊರಗಿನ ಲೋಹದ ಕವಚ ನೆಗೆಟಿವ್. ಅದನ್ನು ಹಾಗೇ ಬಾಡಿಗೆ ಬಿಗಿದರೆ ನೇರ ಶಾರ್ಟ್ ಸರ್ಕ್ಯೂಟ್. ಚಾರ್ಜಿಂಗ್ ಕೇಬಲ್ಲಿನ ಲೋಹದ ತುದಿ ಬರಿ ಲೋಹಕ್ಕೆ ತಾಗಿದರೂ ಅದೇ ಕಥೆ.

ನಾನು ಮಾಡಿದ್ದು ಇಷ್ಟು: ಪ್ಲಾಸ್ಟಿಕ್ ಮೈಯ ಸಾಕೆಟ್, ಬ್ಯಾಟರಿಯಿಂದ ನೇರವಾಗಿ ಎರಡು ಹೊಸ ವೈರು, ಬ್ಯಾಟರಿಯ ಪಕ್ಕದಲ್ಲೇ ನೆಗೆಟಿವ್ ವೈರಿಗೆ 5 ಆಂಪಿಯರ್ ಫ್ಯೂಸ್, ಒಂದು ಸ್ವಿಚ್ಚು. ಪಾಸಿಟಿವ್ ಅರ್ತ್ ಗಾಡಿಯಲ್ಲಿ ನೆಗೆಟಿವ್ ತಂತಿಯೇ ಲೈವ್, ಆದ್ದರಿಂದ ಫ್ಯೂಸ್ ಇರಬೇಕಾದ್ದು ಅಲ್ಲೇ. ಡ್ಯಾಶ್‌ಬೋರ್ಡಿನ ಕೆಳಗೆ ಸಾಮಾನಿಡಲು ಮೈನರ್‌ಗೆ ಉದ್ದನೆಯ ಶೆಲ್ಫ್ ಇದೆ. ಅದರ ಅಡಿಗೆ ಕ್ಲಾಂಪಿನಲ್ಲಿ ಸಾಕೆಟ್ ಹಿಡಿಸಿದ್ದೇನೆ. ಕೊರೆದಿದ್ದು ಏನೂ ಇಲ್ಲ.

ಡೈನಮೋ ತಾಳುತ್ತದೆಯೇ ಎಂಬ ಅನುಮಾನ ಸಹಜ. 5 ವೋಲ್ಟ್, 2 ಆಂಪಿಯರ್ ಚಾರ್ಜರ್ ಎಂದರೆ 10 ವ್ಯಾಟ್. 12 ವೋಲ್ಟಿನ ಬ್ಯಾಟರಿಯಿಂದ ಅದು ಎಳೆಯುವುದು ಸುಮಾರು 1 ಆಂಪಿಯರ್ ಮಾತ್ರ. ಆ ತಲೆಮಾರಿನ ಡೈನಮೋ ಓಟದಲ್ಲಿ 20 ಆಂಪಿಯರ್ ಆಸುಪಾಸು ಕೊಡುತ್ತದೆ. ಆದರೆ ಸಿಗ್ನಲ್‌ನಲ್ಲಿ ಎಂಜಿನ್ ಐಡ್ಲಿಂಗ್‌ಗೆ ಇಳಿದಾಗ ಅದು ಹೆಚ್ಚೇನೂ ಕೊಡುವುದಿಲ್ಲ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿನುಗುತ್ತದೆ. ಆದ್ದರಿಂದ ಫೋನಿಗೆ ಸರಿ. 65 ವ್ಯಾಟ್ ಬೇಡುವ ಲ್ಯಾಪ್‌ಟಾಪ್ ಬೇಡ, ಅದೂ ರಾತ್ರಿ ಹೆಡ್‌ಲೈಟ್ ಉರಿಯುವಾಗ ಬೇಡವೇ ಬೇಡ.

ಇನ್ನು ಮೂಲ ಸ್ವರೂಪದ ಪ್ರಶ್ನೆ. 50 ವರ್ಷ ದಾಟಿದ ವಿಂಟೇಜ್ ವಾಹನಗಳ ನೋಂದಣಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಷಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು ಎನ್ನುವುದು ಅದರ ಒತ್ತು. ಬಿಚ್ಚಿಟ್ಟರೆ ಗುರುತೂ ಉಳಿಯದ ಸಾಕೆಟ್ ಇದ್ಯಾವುದನ್ನೂ ಮುಟ್ಟುವುದಿಲ್ಲ. ಕೊರೆದ ಡ್ಯಾಶ್‌ಬೋರ್ಡನ್ನು ಮಾತ್ರ ಮೊದಲಿನಂತೆ ಮಾಡುವುದು ಕಷ್ಟ.

ರ‍್ಯಾಲಿಗಳ ತೀರ್ಪುಗಾರರಲ್ಲಿ ನನ್ನ ಬೇಡಿಕೆ ಇದು: ಸಾಕೆಟ್ ಕಂಡ ಕೂಡಲೇ ಅಂಕ ಕಡಿಯಬೇಡಿ. ಬಾನೆಟ್ ಎತ್ತಿಸಿ, ಫ್ಯೂಸ್ ಎಲ್ಲಿದೆ ಎಂದು ಕೇಳಿ. ಫ್ಯೂಸ್ ಇಲ್ಲದಿದ್ದರೆ, ಮೂಲ ಲೋಹಕ್ಕೆ ತೂತು ಬಿದ್ದಿದ್ದರೆ ಆಗ ಧಾರಾಳವಾಗಿ ಕಡಿಯಿರಿ. ಇಷ್ಟು ಮಾಡಿದರೆ ಮಾಲೀಕರು ತಾವಾಗಿಯೇ ಸರಿಯಾದ ಕೆಲಸ ಬಲ್ಲವರನ್ನು ಹುಡುಕಿಕೊಂಡು ಹೋಗುತ್ತಾರೆ.