ಗಡಿಯಾಚೆಯ ದಂಡಿಗೆ ಯಾರ ಹಣ, ಯಾರ ಅಪ್ಪಣೆ?

ಹಿಂದುಸ್ಥಾನದ ಆಡಳಿತವು ಕಂಪನಿಯ ಕೈಬಿಟ್ಟು ರಾಣಿಯ ಕೈಸೇರಿದ 1858ನೆಯ ಇಸವಿಯ ಕಾಯಿದೆಯಲ್ಲಿ 55ನೆಯದೊಂದು ಕಲಮು ಇದ್ದಿತು. ಅದರ ತಾತ್ಪರ್ಯವಿಷ್ಟು: ಈ ದೇಶದ ಮೇಲೆ ಪ್ರತ್ಯಕ್ಷವಾಗಿ ದಾಳಿಯಾದಾಗ ಅದನ್ನು ತಡೆಯುವದಕ್ಕೆ, ಅಥವಾ ಆಕಸ್ಮಿಕವೂ ತುರ್ತೂ ಆದ ಬೇರಾವದಾದರೂ ಅಗತ್ಯ ಒದಗಿದಾಗ ಹೊರತು, ಪಾರ್ಲಿಮೆಂಟಿನ ಉಭಯ ಸಭೆಗಳ ಸಮ್ಮತಿಯಿಲ್ಲದೆ ಹಿಂದುಸ್ಥಾನದ ಉತ್ಪನ್ನವನ್ನು ಗಡಿಯಾಚೆಯ ಯಾವ ದಂಡಯಾತ್ರೆಗೂ ವೆಚ್ಚ ಮಾಡಕೂಡದು. ನಮ್ಮನ್ನು ಆಳಲು ಬಂದ ಪರಕೀಯರು ತಮ್ಮ ಅಧಿಕಾರಿಗಳಿಗೆ ತಾವೇ ಹಾಕಿಕೊಂಡ ಬೇಲಿಯಿದು. ನಾವೇ ಬರೆದುಕೊಂಡ 1950ರ ಸಂವಿಧಾನದಲ್ಲಿ ಇಂಥ ಬೇಲಿ ಇಲ್ಲ. ಇದು ಬಹುಜನರ ಲಕ್ಷ್ಯಕ್ಕೆ ಬಾರದ ಮಾತು. ಆ ಹಳೆಯ ಬೇಲಿಯಿಂದ ಬೆಳೆ ಉಳಿಯಿತೆ, ಇಂದು ಅಂಥದರ ಅಗತ್ಯವುಂಟೆ ಎಂಬುದನ್ನು ವಾಚಕರೊಡನೆ ವಿಚಾರ ಮಾಡಬೇಕೆಂದು ನಮ್ಮ ಇಚ್ಛೆ.

ಕಲಮು ಹುಟ್ಟಿ ಹತ್ತು ವರ್ಷ ತುಂಬುವ ಮೊದಲೇ ಅದರ ಪರೀಕ್ಷೆಯಾಯಿತು. ಅಬಿಸಿನಿಯದ ದೊರೆಯು ಇಂಗ್ಲೆಂಡಿನ ಕೆಲವು ಪ್ರಜೆಗಳನ್ನು ಸೆರೆಯಲ್ಲಿಟ್ಟಿದ್ದನು. ಅವರನ್ನು ಬಿಡಿಸಲಿಕ್ಕೆಂದು 1867ರಲ್ಲಿ ಮುಂಬಯಿಯಿಂದ ದಂಡು ಹೊರಟಿತು. ಹಿಂದುಸ್ಥಾನಕ್ಕೂ ಆ ಜಗಳಕ್ಕೂ ಏನು ಸಂಬಂಧ? ಆದರೂ ಪಾರ್ಲಿಮೆಂಟು ಠರಾವು ಮಾಡಿ, ಹಿಂದೀ ಸಿಪಾಯಿಗಳ ಸಾಧಾರಣ ಸಂಬಳವನ್ನು ಹಿಂದುಸ್ಥಾನದ ಬೊಕ್ಕಸವೇ ಹೊರಬೇಕು, ಹೆಚ್ಚಿನ ಖರ್ಚನ್ನು ಮಾತ್ರ ಇಂಗ್ಲೆಂಡು ಕೊಡುವದು ಎಂದು ತೀರ್ಮಾನಿಸಿತು. ಆ ಸಿಪಾಯಿಗಳು ಊರಲ್ಲಿದ್ದರೂ ಸಂಬಳ ತಿನ್ನುತ್ತಿದ್ದರಲ್ಲವೆ, ಹೊರಗೆ ಹೋದರೆ ನಿಮಗೇನು ನಷ್ಟ ಎಂಬುದು ಅವರ ವಾದ.

ಈ ವಾದವು ಕೇಳಲು ಸವಿಯಾಗಿದೆ, ಒಳಗೆ ಟೊಳ್ಳಾಗಿದೆ. ಸಾವಿರಾರು ಸಿಪಾಯಿಗಳನ್ನು ತಿಂಗಳುಗಟ್ಟಲೆ ಹೊರಗೆ ಕಳಿಸಿದರೂ ದೇಶಕ್ಕೆ ಅಪಾಯವಿಲ್ಲವೆಂದಾದರೆ, ಅಷ್ಟು ಸಿಪಾಯಿಗಳನ್ನು ಬಡ ರೈತನ ಕಂದಾಯದಿಂದ ಸಾಕುವದೇ ಅನ್ಯಾಯ. ಅಪಾಯವುಂಟೆಂದಾದರೆ ಅವರನ್ನು ಕಳಿಸಿದ್ದೇ ಅನ್ಯಾಯ. ಎರಡರಲ್ಲಿ ಒಂದು ನಿಜವಾಗಲೇಬೇಕು. ಸಾಧಾರಣ ಖರ್ಚು, ಹೆಚ್ಚುವರಿ ಖರ್ಚು ಎಂಬ ಈ ಭೇದವನ್ನು ವಾಚಕರು ಮರೆಯಬಾರದೆಂದು ಬೇಡುತ್ತೇವೆ. ಒಂದೂವರೆ ಶತಮಾನ ಕಳೆದರೂ, ಜಗತ್ತಿನ ಎಲ್ಲ ಸರಕಾರಗಳು ಯುದ್ಧದ ಲೆಕ್ಕವನ್ನು ಸಣ್ಣದಾಗಿ ತೋರಿಸಲು ಹೂಡುವ ಮೊದಲನೆಯ ಹೂಟ ಇದೇ ಆಗಿದೆ. ಅಂದ ಹಾಗೆ, ಅಬಿಸಿನಿಯದ ಯುದ್ಧಕ್ಕೆ 35ರಿಂದ 40 ಲಕ್ಷ ಪೌಂಡು ತಗಲುವದೆಂದು ಮಂತ್ರಿಗಳು ಹೇಳಿದ್ದರು. ತಗಲಿದ್ದು 90 ಲಕ್ಷದ ಸಮೀಪ. ಇಂಗ್ಲೆಂಡಿನ ತೆರಿಗೆದಾರನಿಗೂ ಬಿಸಿ ಮುಟ್ಟಿದ್ದರಿಂದ ಕಾಮನ್ಸ್ ಸಭೆಯು ಒಂದು ಸಮಿತಿಯನ್ನು ನೇಮಿಸಿ ಖರ್ಚಿನ ತಪಾಸಣೆ ನಡೆಸಿತು.

ಅದೇ 1867ರಲ್ಲಿ ತುರ್ಕಸ್ಥಾನದ ಸುಲ್ತಾನನು ಲಂಡನ್ನಿಗೆ ಬಂದಾಗ ಅವನ ಗೌರವಾರ್ಥ ಇಂಡಿಯಾ ಆಫೀಸಿನಲ್ಲಿ ನಡೆದ ನೃತ್ಯೋತ್ಸವದ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಬರೆದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಇದನ್ನು ಸಭೆಯಲ್ಲಿ ಎದ್ದು ನಿಂತು ಖಂಡಿಸಿದವನು ಹೆನ್ರಿ ಫಾಸೆಟ್. ಕೇಂಬ್ರಿಜ್ಜಿನ ಅರ್ಥಶಾಸ್ತ್ರದ ಪ್ರಾಧ್ಯಾಪಕ. ಎರಡೂ ಕಣ್ಣುಗಳನ್ನು ತಾರುಣ್ಯದಲ್ಲಿಯೇ ಕಳೆದುಕೊಂಡವನು. ನಮ್ಮ ಜನರ ಒಂದು ಮತವೂ ಅವನಿಗೆ ಬೀಳುವಂತಿರಲಿಲ್ಲ. ಆದರೂ 'ಹಿಂದುಸ್ಥಾನದ ಸದಸ್ಯ'ನೆಂದು ಅವನನ್ನು ಜನ ಕರೆದರು.

ನಿಜವಾದ ಪಾಠವಿರುವದು ಎರಡನೆಯ ಅಫಘಾನ ಯುದ್ಧದಲ್ಲಿ. 1878ರ ನವಂಬರದಲ್ಲಿ ಯುದ್ಧ ಸಾರಿದ ಮೇಲೆ, ಡಿಸೆಂಬರದಲ್ಲಿ ಪಾರ್ಲಿಮೆಂಟನ್ನು ಕರೆದು ಖರ್ಚಿಗೆ ಸಮ್ಮತಿ ಕೇಳಿದರು. ತಾಳಿ ಕಟ್ಟಿದ ಮೇಲೆ ಕನ್ಯೆಯ ಒಪ್ಪಿಗೆ ಕೇಳಿದಂತಾಯಿತು. ಫಾಸೆಟನು ವಿರೋಧಿಸಿದನು, ಬಹುಮತವು ಒಪ್ಪಿತು. 1880ರ ಫೆಬ್ರವರಿಯಲ್ಲಿ ವೈಸರಾಯರ ಸಭೆಯ ಹಣಕಾಸಿನ ಸದಸ್ಯ ಸರ್ ಜಾನ್ ಸ್ಟ್ರೇಚಿಯು ಮುಂಗಡಪತ್ರವನ್ನು ಮಂಡಿಸುತ್ತ, ಯುದ್ಧದ ವೆಚ್ಚವು ಸುಮಾರು 60 ಲಕ್ಷ ಪೌಂಡಿನಲ್ಲಿ ಮುಗಿಯುವದು, ಬೊಕ್ಕಸದಲ್ಲಿ ಹಣ ಮಿಗುವದು ಎಂದು ಸಾರಿದನು. ಆಗ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಚುನಾವಣೆ ಸಮೀಪಿಸಿದ್ದಿತು. ಚುನಾವಣೆ ಮುಗಿಯುತ್ತ ಬಂದಂತೆ ಗುಟ್ಟು ರಟ್ಟಾಯಿತು. ಖಜಾನೆಗಳ ಶಿಲ್ಕು ಕರಗುತ್ತಲಿದೆ, ಲೆಕ್ಕದಲ್ಲಿ ಖರ್ಚು ಕಾಣಿಸುತ್ತಿಲ್ಲ! ಒಟ್ಟು ವೆಚ್ಚವು ಒಂದೂವರೆ ಕೋಟಿ ಪೌಂಡನ್ನೂ ಮೀರಿತು.

ಇದು ಆದುದು ಹೇಗೆ? ಸೈನ್ಯದ ಲೆಕ್ಕದ ಖಾತೆಯವರು ತಪಾಸಣೆಯಾಗಿ ಬಂದ ವೋಚರುಗಳನ್ನಷ್ಟೇ ಖರ್ಚೆಂದು ಬರೆಯುತ್ತಿದ್ದರು. ರಣಭೂಮಿಗೆ ಖಜಾನೆಯಿಂದ ದಿನದಿನವೂ ಮುಂಗಡವಾಗಿ ಹೋಗುತ್ತಿದ್ದ ನಗದು ಹಣವು, ಅದರ ವೋಚರುಗಳು ತಿಂಗಳುಗಳ ನಂತರ ಬಂದು ತಪಾಸಣೆ ಮುಗಿಯುವ ತನಕ, ಅವರ ಪುಸ್ತಕದಲ್ಲಿ ಇರುತ್ತಿರಲಿಲ್ಲ. ನಮ್ಮ ಪೇಟೆಯ ಯಾವ ಕಿರಾಣಿ ಅಂಗಡಿಯವನಾದರೂ ಗಲ್ಲೆಯ ಹಣವನ್ನೂ ಕಿರ್ದಿಯ ಬರವಣಿಗೆಯನ್ನೂ ರಾತ್ರಿ ಒಮ್ಮೆ ತಾಳೆ ನೋಡಿಯೇ ಮಲಗುವನು. ಒಂದು ಸಾಮ್ರಾಜ್ಯದ ಸರಕಾರವು ಎರಡು ವರ್ಷ ಅದನ್ನು ನೋಡಲಿಲ್ಲ. ಸ್ಟ್ರೇಚಿಯು ಆ ವರ್ಷದ ಕೊನೆಯಲ್ಲಿ ಅಧಿಕಾರವನ್ನು ಬಿಟ್ಟನು. ಹೊಸ ಮಂತ್ರಿಮಂಡಲವು 50 ಲಕ್ಷ ಪೌಂಡುಗಳನ್ನು ಸಹಾಯವಾಗಿ ಕೊಟ್ಟಿತು. ಉಳಿದುದೆಲ್ಲ ನಮ್ಮ ತಲೆಯ ಮೇಲೆ. ಧಾತು, ಈಶ್ವರ ಸಂವತ್ಸರಗಳ ಘೋರ ಬರದಲ್ಲಿ ಬಳ್ಳಾರಿ, ಧಾರವಾಡ, ವಿಜಾಪುರ, ಮೈಸೂರು ಸೀಮೆಗಳ ಹಳ್ಳಿಗಳು ಹಾಳುಬಿದ್ದು ಆಗಿನ್ನೂ ಮೂರು ವರ್ಷವಾಗಿರಲಿಲ್ಲ. ಮುಂದಿನ ಬರಗಳಿಗೆ ವಿಮೆಯೆಂದು ಹೇಳಿ ಹೊಸ ತೆರಿಗೆಗಳನ್ನು ಹೇರಿ, ಆ ನಿಧಿಯನ್ನು ಕಾಬೂಲಿನ ದಾರಿಯಲ್ಲಿ ಚೆಲ್ಲಿದರೆಂಬ ಆಕ್ಷೇಪವು ಅಂದೇ ಎದ್ದಿತು.

ಮುಂದೆ 1882ರಲ್ಲಿ ಈಜಿಪ್ತಕ್ಕೆ, 1885ರಲ್ಲಿಯೂ 1896ರಲ್ಲಿಯೂ ಸುವಾಕಿನಕ್ಕೆ ಹಿಂದೀ ದಂಡು ಹೋಯಿತು. ಸುವಾಕಿನದ ಎರಡನೆಯ ಯಾತ್ರೆಯ ಭಾರವನ್ನು ಹೊರಿಸುವಾಗ ಇಲ್ಲಿಯ ವೈಸರಾಯರ ಸರಕಾರವೇ ಪ್ರತಿಭಟಿಸಿತು, ಕೇಳುವವರಿರಲಿಲ್ಲ. ಪ್ರತಿ ಸಲವೂ ಠರಾವು ಆಯಿತು, ಪ್ರತಿ ಸಲವೂ ಕಲಮಿನ ಅಕ್ಷರಕ್ಕೆ ಭಂಗ ಬರಲಿಲ್ಲ. ಹಾಗಾದರೆ ಕಲಮು ನಿಷ್ಫಲವೆ? ನಮ್ಮ ಅಭಿಪ್ರಾಯದಲ್ಲಿ ಪೂರ್ಣ ನಿಷ್ಫಲವಲ್ಲ. ಕೇಳಬೇಕೆಂಬ ಕಟ್ಟು ಇದ್ದುದರಿಂದಲೇ ಚರ್ಚೆ ನಡೆಯಿತು, ಅಂಕಿಗಳು ಹೊರಬಿದ್ದವು, ದಾದಾಭಾಯಿ ನವರೋಜಿಯವರು ಸದಸ್ಯರಾಗಿದ್ದ ವೆಲ್ಬಿ ಕಮಿಶನ್ನಿನ ಮುಂದೆ 1897ರಲ್ಲಿ ಗೋಖಲೆ, ವಾಚ್ಛಾ ಮುಂತಾದವರು ಸಾಕ್ಷ್ಯ ಹೇಳಲು ಆಧಾರ ದೊರೆಯಿತು. ಕೊರತೆಯಿದ್ದುದು ಬೇರೆಡೆಯಲ್ಲಿ: ಸಮ್ಮತಿ ಕೊಡುವವನು ಒಬ್ಬ, ಹಣ ಕೊಡುವವನು ಇನ್ನೊಬ್ಬ.

ಹಣ ಕೊಡುವವನಿಗೆ ಸಭೆ ದೊರೆತ ಮೇಲೆಯಾದರೂ ಅಧಿಕಾರ ದೊರೆಯಿತೆ? 1919ರ ಸುಧಾರಣೆಯ ಕಾಯಿದೆಯು ಸೈನ್ಯದ ಖರ್ಚನ್ನು ಕೇಂದ್ರ ಅಸೆಂಬ್ಲಿಯ ಮತಕ್ಕೆ ಹೊರತಾಗಿ ಇಟ್ಟಿತು. 1939ರ ಬೇಸಗೆಯಲ್ಲಿ ಈಜಿಪ್ತಕ್ಕೂ ಸಿಂಗಾಪುರಕ್ಕೂ ದಂಡನ್ನು ಕಳಿಸುವಾಗ ಅಸೆಂಬ್ಲಿಯನ್ನು ಕೇಳಲಿಲ್ಲ. ಕಾಂಗ್ರೆಸ್ ಕಾರ್ಯಕಾರಿಣಿಯು ತನ್ನ ಸದಸ್ಯರನ್ನು ಮುಂದಿನ ಅಧಿವೇಶನದಿಂದ ದೂರವಿರಿಸಿತು. ಆ ಮಹಾಯುದ್ಧದಲ್ಲಿ ಹೊರನಾಡಿನ ಖರ್ಚನ್ನು ಇಂಗ್ಲೆಂಡು ಕೊಡುವದೆಂದು ಕರಾರಾಯಿತು. ಕೊಟ್ಟದ್ದು ಲಂಡನ್ನಿನ ಪುಸ್ತಕದಲ್ಲಿ ಬರೆದ ಸ್ಟರ್ಲಿಂಗ್ ಜಮೆ, ಕೊನೆಗೆ ಅದು ಸುಮಾರು 130 ಕೋಟಿ ಪೌಂಡಾಯಿತು. ಇಲ್ಲಿ ಅದಕ್ಕೆ ಪ್ರತಿಯಾಗಿ ನೋಟುಗಳು ಅಚ್ಚಾದವು; ಚಲಾವಣೆ ಐದು ಪಟ್ಟಿಗೂ ಮಿಕ್ಕಿ ಬೆಳೆಯಿತು; ಅಕ್ಕಿಯ ಬೆಲೆ ಏರಿತು; 1943ರಲ್ಲಿ ಬಂಗಾಲದಲ್ಲಿ ಲಕ್ಷಾವಧಿ ಜನ ಹಸಿದು ಸತ್ತರು. ಕಾಗದದ ಮೇಲೆ ನಾವು ಸಾಲಕೊಟ್ಟ ಸಾಹುಕಾರರು! ಲೆಕ್ಕದಲ್ಲಿ 'ಮರುಪಾವತಿಯಾಗುವ ಖರ್ಚು' ಎಂದು ಬರೆದ ಮಾತ್ರಕ್ಕೆ ಅದು ಪ್ರಜೆಯ ತಟ್ಟೆಯನ್ನು ಮುಟ್ಟುವದಿಲ್ಲವೆಂದು ತಿಳಿಯಲಾಗದು.

ಈಗ ನಮ್ಮ ಕಾಲಕ್ಕೆ ಬರೋಣ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ ಗಾಂಧಿಯವರೂ ಜಯವರ್ಧನೆಯವರೂ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನದಿಂದಲೇ ನಮ್ಮ ದಂಡು ಲಂಕೆಯಲ್ಲಿ ಇಳಿಯಿತು. ಮೊದಲು ಪಾರ್ಲಿಮೆಂಟಿನ ಠರಾವು ಆಗಲಿಲ್ಲ. ಸಂವಿಧಾನದ ಪ್ರಕಾರ ಆಗಬೇಕಾದ ಅಗತ್ಯವೂ ಇರಲಿಲ್ಲ. ಶಾಂತಿಪಾಲನೆಗೆಂದು ಹೋದವರು ಅಕ್ಟೋಬರದಲ್ಲಿ ಯುದ್ಧಕ್ಕೆ ನಿಂತರು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮರಳುವಷ್ಟರಲ್ಲಿ ಸುಮಾರು 1,200 ಯೋಧರು ಮಡಿದಿದ್ದರು. ಇಷ್ಟು ಉದ್ದದ ಕಾರ್ಯಾಚರಣೆಗೆ ಇಷ್ಟು ಸೈನ್ಯ, ಇಷ್ಟು ಕಾಲ, ಇಷ್ಟು ಹಣವೆಂದು ಮುಂಚಿತವಾಗಿ ಲೋಕಸಭೆಯ ಮುಂದಿಟ್ಟು ಮತ ಪಡೆದುದುಂಟೆ? ಇಲ್ಲ. ಸೈನ್ಯದ ಒಟ್ಟು ಬೇಡಿಕೆಗಳಲ್ಲಿಯೇ ಅದೂ ಬೆರೆತು ಹೋಯಿತು. ಆ ಒಟ್ಟು ಬೇಡಿಕೆಗಳನ್ನಾದರೂ ಸಭೆಯು ಬಿಡಿಸಿ ನೋಡುವದೆ? 2018ರ ಮಾರ್ಚಿನಲ್ಲಿ ಎಲ್ಲ ಇಲಾಖೆಗಳ ಬೇಡಿಕೆಗಳೂ ಒಂದು ಮಾತಿನ ಚರ್ಚೆಯಿಲ್ಲದೆ ಗಿಲೊಟಿನ್ನಿನಲ್ಲಿ ಪಾಸಾದವು.

ಒಮ್ಮೆ ಒಳ್ಳೆಯ ಉದಾಹರಣೆಯನ್ನೂ ಕಂಡೆವು. 2003ರಲ್ಲಿ ಅಮೇರಿಕವು ಇರಾಕಕ್ಕೆ ನಮ್ಮ ಸೈನ್ಯವನ್ನು ಬೇಡಿತು. ಆ ಯುದ್ಧವನ್ನು 'ನಿಂದಿಸುವ' ಠರಾವನ್ನು ಲೋಕಸಭೆಯು ಏಪ್ರಿಲ್ಲಿನಲ್ಲಿಯೇ ಒಮ್ಮತದಿಂದ ಮಾಡಿದ್ದಿತು. ಜುಲೈಯಲ್ಲಿ ವಾಜಪೇಯಿಯವರ ಮಂತ್ರಿಮಂಡಲವು ದಂಡನ್ನು ಕಳಿಸುವದಿಲ್ಲವೆಂದಿತು. ಆದರೆ ಇದು ಆಳುವವರ ವಿವೇಕ, ಕಾನೂನಿನ ಕಟ್ಟಲ್ಲ.

ಕಟ್ಟು ಹೇಗಿರಬೇಕೆಂಬುದನ್ನು ಜರ್ಮನಿಯಲ್ಲಿ ನೋಡಬಹುದು. ಅಲ್ಲಿಯ ಸಂವಿಧಾನ ನ್ಯಾಯಾಲಯವು 1994ರಲ್ಲಿ, ಶಸ್ತ್ರಧಾರಿ ಸೈನ್ಯವನ್ನು ಹೊರಗೆ ಕಳಿಸಲು ಪಾರ್ಲಿಮೆಂಟಿನ ಒಪ್ಪಿಗೆ ಬೇಕೆಂದು ತೀರ್ಪಿತ್ತಿತು. 2005ರ ಕಾಯಿದೆಯ ಪ್ರಕಾರ ಸರಕಾರವು ತರುವ ಪ್ರಸ್ತಾವದಲ್ಲಿ ಕಾರ್ಯದ ಉದ್ದೇಶ, ಪ್ರದೇಶ, ಸೈನಿಕರ ಗರಿಷ್ಠ ಸಂಖ್ಯೆ, ಅವಧಿ ಮತ್ತು ತಗಲುವ ವೆಚ್ಚ, ಅದನ್ನು ಹೊಂದಿಸುವ ರೀತಿ ಇವೆಲ್ಲ ಬರೆದಿರಬೇಕು. ತುರ್ತಿದ್ದರೆ ಮೊದಲು ಕಳಿಸಿ ಬಳಿಕ ಕೇಳಬಹುದು. ಆದರೆ ಸಭೆಯು ಯಾವಾಗ ಬೇಕಾದರೂ ಸಮ್ಮತಿಯನ್ನು ಹಿಂದಕ್ಕೆ ಪಡೆದು ದಂಡನ್ನು ಕರೆಸಬಹುದು. ವಕೀಲಿ ಮಾಡುವವರಿಗೆಲ್ಲ ಗೊತ್ತಿರುವಂತೆ, 'ತುರ್ತು' ಎಂಬ ಶಬ್ದವು ಕಾಯಿದೆಯಲ್ಲಿ ಒಂದು ಸಲ ಹೊಕ್ಕರೆ ಉಳಿದ ಶಬ್ದಗಳನ್ನೆಲ್ಲ ನುಂಗಿಬಿಡುತ್ತದೆ. 1858ರ ಕಲಮಿನಲ್ಲಿ ಮರಳಿ ಕರೆಸುವ ಹಕ್ಕು ಇರಲಿಲ್ಲ. ಮರ್ಮ ಅಲ್ಲಿಯೇ ಇದೆ.

ಲೆಕ್ಕದ ಬಗ್ಗೆ ಕೆನಡಾದ ನಿದರ್ಶನ ಸಾಕು. ಅಲ್ಲಿಯ ಪಾರ್ಲಿಮೆಂಟರಿ ಬಜೆಟ್ ಅಧಿಕಾರಿ ಕೆವಿನ್ ಪೇಜ್ ಅವರು 2008ರ ಅಕ್ಟೋಬರದಲ್ಲಿ, ಚುನಾವಣೆಯ ಗದ್ದಲದ ನಡುವೆಯೇ, ಎಲ್ಲ ಪಕ್ಷಗಳ ನಾಯಕರ ಒಪ್ಪಿಗೆ ಪಡೆದು, ಅಫಘಾನಿಸ್ಥಾನದ ಕಾರ್ಯಾಚರಣೆಗೆ 2011ರ ವರೆಗೆ 1,390ರಿಂದ 1,810 ಕೋಟಿ ಡಾಲರ್ ತಗಲಬಹುದೆಂದು ಪ್ರಕಟಿಸಿದರು. ಅದೂ ಹೆಚ್ಚುವರಿ ಖರ್ಚು ಮಾತ್ರ. ಗಾಯಗೊಂಡು ಮರಳಿದವರ ಮುಂದಿನ ಪೋಷಣೆಯನ್ನು ಅದರಲ್ಲಿ ಲೆಕ್ಕಹಿಡಿದರು. 1880ರ ಚುನಾವಣೆಯ ಕಾಲದಲ್ಲಿ ಕಲಕತ್ತೆಯಲ್ಲಿ ಇಂಥ ಅಧಿಕಾರಿಯೊಬ್ಬನಿದ್ದಿದ್ದರೆ! ಅಮೇರಿಕವಾದರೋ ಇದಕ್ಕೆ ವಿರುದ್ಧ: 2011ರ ಕಾನೂನು ಖರ್ಚಿಗೆ ಮಿತಿ ಹಾಕಿ ಸಾಗರದಾಚೆಯ ಕಾರ್ಯಾಚರಣೆಯ ಬಾಬನ್ನು ಮಿತಿಯ ಹೊರಗಿಟ್ಟಿತು; ಮನೆಯೊಳಗಿನ ಖರ್ಚೂ ಮೆಲ್ಲನೆ ಆ ಬಾಬಿಗೆ ಜಾರಿತು. ಪ್ರತ್ಯೇಕ ಬಾಬು ಇದ್ದರೆ ಸಾಲದು, ಅದಕ್ಕೆ ಕಾವಲೂ ಬೇಕು.

ಯುದ್ಧದ ಗುಟ್ಟು ಬಯಲಾಗುವದೆಂಬ ಆಕ್ಷೇಪ ಬರುವದು ಸಹಜ. ದಂಡು ಎಲ್ಲಿ ಬೀಡುಬಿಟ್ಟಿದೆ, ನಾಳೆ ಯಾವ ದಾರಿ ಹಿಡಿಯುವದು ಎಂದು ಸಭೆಯು ಕೇಳುತ್ತಿಲ್ಲ. ಎಷ್ಟು ಜನ, ಎಷ್ಟು ತಿಂಗಳು, ಎಷ್ಟು ಹಣ ಎಂದು ಕೇಳುವದಕ್ಕೂ ಅದಕ್ಕೂ ಅಂತರವಿದೆ. ಸಂವಿಧಾನದ ತಿದ್ದುಪಡಿಯೂ ಬೇಡ. 53ನೆಯ ಅನುಚ್ಛೇದವು ಸೈನ್ಯದ ಪರಮಾಧಿಕಾರವನ್ನು ರಾಷ್ಟ್ರಪತಿಗಳಲ್ಲಿ ಇಟ್ಟು, ಅದರ ಚಲಾವಣೆಯು ಕಾನೂನಿನಿಂದ ನಿಯಂತ್ರಿತವಾಗತಕ್ಕದ್ದೆಂದು ಹೇಳಿದೆ. ಆ ಕಾನೂನಿನಲ್ಲಿ ಗಡಿಯಾಚೆಯ ದಂಡಿಗೆ ಉಭಯ ಸಭೆಗಳ ಸಮ್ಮತಿ, ಮುಂಗಡಪತ್ರದಲ್ಲಿ ಬೇರೆ ಬಾಬು, ಆರು ತಿಂಗಳಿಗೊಮ್ಮೆ ಲೆಕ್ಕ, ಮರಳಿ ಕರೆಸುವ ಹಕ್ಕು ಇಷ್ಟನ್ನು ಬರೆದರಾಯಿತು. ಸರಕಾರವು ತಾನಾಗಿ ಅದನ್ನು ತರುವದೆಂಬ ಭ್ರಮೆ ನಮಗಿಲ್ಲ. ಆದರೆ ಅಧಿವೇಶನದ ಶುಕ್ರವಾರಗಳ ಅಪರಾಹ್ನವು ಖಾಸಗಿ ಸದಸ್ಯರ ಮಸೂದೆಗಳಿಗೆ ಮೀಸಲಾಗಿದೆ. ಕರ್ನಾಟಕದಿಂದ ಲೋಕಸಭೆಗೆ ಹೋದ 28 ಮಂದಿಯಲ್ಲಿ ಒಬ್ಬರಾದರೂ ಅಂಥದೊಂದು ಮಸೂದೆಯನ್ನು ಮಂಡಿಸಲು ಮುಂದಾಗುವರೆ?