ಹಡಗೇರಿದ ಪಿತೃಭಕ್ತಿ

ಅಮೆರಿಕೆಯಲ್ಲಿ ನೆಲೆಸಲು ಹೊರಟವರು ಅಗಲಿದ ತಂದೆಯ ಅಂಬಾಸಿಡರ್ ಕಾರನ್ನೂ ಹಡಗಿಗೇರಿಸಿದರೆ ಅದನ್ನು ಪಿತೃಭಕ್ತಿಯೆಂದು ಹೊಗಳುವವರಿದ್ದಾರೆ. ನಾನು ಒಪ್ಪಲಾರೆ.

ಆ ದೇಶದ ಸುರಕ್ಷತಾ ನಿಯಮಗಳಿಗೆ ಅನುಗುಣವಾಗಿ ತಯಾರಾಗದ ಕಾರಿಗೆ ವಿನಾಯಿತಿ ದೊರೆಯುವುದು 25 ವರ್ಷ ತುಂಬಿದ ಮೇಲೆಯೇ. ಪ್ರವೇಶ ದೊರೆತರೂ ರಸ್ತೆಯ ಬಲಬದಿಯಲ್ಲಿ ಸಾಗುವ ಆ ನಾಡಿನಲ್ಲಿ ಬಲಗಡೆಯ ಸ್ಟೀರಿಂಗ್ ತೊಡಕೇ ಸರಿ. 2014ರಲ್ಲಿ ತಯಾರಿಕೆ ನಿಂತ ಈ ಕಾರಿನ ಬಿಡಿಭಾಗಗಳಿಗೆ ಮತ್ತೆ ಭಾರತದತ್ತಲೇ ನೋಡಬೇಕು. ಹಡಗಿನ ಬಾಡಿಗೆ, ವಿಮೆ, ಸುಂಕಗಳ ವೆಚ್ಚ ಬೇರೆ.

‘ಪ್ರೀತಿಗೆ ಲೆಕ್ಕವುಂಟೇ, ಶೆಟ್ಟರೇ?’ ಎಂದು ಕೇಳುವಿರಿ. ಉಂಟು. ಊರಿನಲ್ಲಿ ಒಬ್ಬಳೇ ಉಳಿದ ವೃದ್ಧ ತಾಯಿ ಆಸ್ಪತ್ರೆಗೆ, ಬಸದಿಗೆ ಹೋಗುವುದೆಂತು? ಕಾರು ಆಕೆಗಿರಲಿ, ಚಾಲಕನ ಸಂಬಳವನ್ನು ಮಗ ಕಳುಹಿಸಲಿ. ತಾಯಿಯನ್ನು ಬಿಟ್ಟು ಕಬ್ಬಿಣವನ್ನು ಕೊಂಡೊಯ್ಯುವುದು ಭಕ್ತಿಯಲ್ಲ, ಬರಿಯ ಮೋಹ.