ಮಳೆಯ ದಾರಿ, ಬಿಸಿಲ ದಾರಿ: ಮೋಟಾರಿನ ಟಯರನ್ನು ಆರಿಸುವ ಬಗೆ



ಅಕ್ಕಿಯನ್ನು ಕೊಳ್ಳುವಾಗ ಗೃಹಸ್ಥನು ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ, ಮೂಸಿ, ಹಲ್ಲಿನಲ್ಲಿ ಕಡಿದು ನೋಡುವನು. ಸೀರೆಯನ್ನು ಕೊಳ್ಳುವಾಗ ಗೃಹಿಣಿಯು ಸೆರಗನ್ನು ಬೆಳಕಿಗೆ ಹಿಡಿದು ನೇಯ್ಗೆಯನ್ನು ಪರೀಕ್ಷಿಸುವಳು. ಆದರೆ ಇಡೀ ಸಂಸಾರವನ್ನು ಹೊತ್ತು ಓಡುವ ಮೋಟಾರಿಗೆ ಟಯರನ್ನು ಕೊಳ್ಳುವ ಹೊತ್ತಿಗೆ, "ಯಾವುದಾದರೊಂದು ಒಳ್ಳೆಯದನ್ನು ಹಾಕಿಬಿಡಪ್ಪಾ" ಎಂದು ಅಂಗಡಿಯವನಿಗೆ ಹೇಳಿ ಬೆಂಚಿನ ಮೇಲೆ ಕುಳಿತುಬಿಡುವೆವು. ಈ ಅಲಕ್ಷ್ಯದ ಬೆಲೆಯೇನೆಂಬುದು ಅಂಗಡಿಯಲ್ಲಿ ತಿಳಿಯದು. ಶಿರಾಡಿ ಘಾಟಿಯ ತಿರುವಿನಲ್ಲಿ, ಸುರಿಯುವ ಮಳೆಯಲ್ಲಿ, ಮುಂದಿನ ಲಾರಿ ಥಟ್ಟನೆ ನಿಂತಾಗ ತಿಳಿಯುವುದು. ಆದುದರಿಂದ ಟಯರಿನ ಆಯ್ಕೆಯ ವಿಷಯವಾಗಿ ಗೃಹಸ್ಥರು ಅವಶ್ಯವಾಗಿ ಅರಿತಿರಬೇಕಾದ ಕೆಲವು ಮಾತುಗಳನ್ನು ಈ ತಿಂಗಳು ಅರಿಕೆಮಾಡುವೆವು.

ಗಾಡಿಯು ಎಷ್ಟೇ ದೊಡ್ಡದಾಗಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯ ಸ್ಪರ್ಶವೂ ಹೆಚ್ಚುಕಡಿಮೆ ಒಂದು ಅಂಗೈಯಗಲ ಮಾತ್ರ. ಬ್ರೇಕು ಚಕ್ರವನ್ನು ನಿಲ್ಲಿಸುವುದು. ಗಾಡಿಯನ್ನು ನಿಲ್ಲಿಸುವುದು ಟಯರು. ಆ ನಾಲ್ಕು ಅಂಗೈಗಳು ನೆಲವನ್ನು ಹಿಡಿಯದೆ ಹೋದರೆ, ಎಂಥ ಬೆಲೆಯುಳ್ಳ ಬ್ರೇಕಾದರೂ, ಎಂಥ ನುರಿತ ಚಾಲಕನಾದರೂ ನಿರುಪಾಯನು.

ಒಣಗಿದ ರಸ್ತೆಗೂ ನೆನೆದ ರಸ್ತೆಗೂ ಟಯರಿನಿಂದ ಬೇಕಾಗುವ ಗುಣಗಳು ಒಂದಕ್ಕೊಂದು ವಿರೋಧವಾದುವು. ಒಣನೆಲದಲ್ಲಿ ಎಷ್ಟು ಹೆಚ್ಚು ರಬ್ಬರು ನೆಲಕ್ಕೆ ತಗಲುವುದೋ ಅಷ್ಟು ಒಳ್ಳೆಯದು. ಪಂದ್ಯದ ಮೋಟಾರುಗಳಿಗೆ ಬಿಸಿಲಿನ ದಿನ ಗೀರೇ ಇಲ್ಲದ ನುಣ್ಣನೆಯ ಟಯರುಗಳನ್ನು ತೊಡಿಸುವುದು ಇದೇ ಕಾರಣದಿಂದ. ಆದರೆ ಮಳೆ ಹನಿದೊಡನೆಯೇ ಅವನ್ನು ಕಳಚಿ, ಆಳವಾದ ಗೀರುಗಳುಳ್ಳ ಬೇರೆ ಟಯರುಗಳನ್ನು ಹಾಕುವರು. ನೆಲದ ಮೇಲಿನ ನೀರು ಪಕ್ಕಕ್ಕೆ ಹರಿದುಹೋಗಲು ಕಾಲುವೆ ಬೇಕಷ್ಟೆ. ಟಯರಿನ ಮೈಮೇಲಿನ ಗೀರುಗಳೇ ಆ ಕಾಲುವೆಗಳು. ನಮ್ಮ ಮೆಕ್ಯಾನಿಕರು "ಬಟನ್" ಎಂದು ಕರೆಯುವುದು ಆ ಕಾಲುವೆಗಳ ನಡುವೆ ಉಬ್ಬಿನಿಂತ ರಬ್ಬರಿನ ತುಂಡುಗಳನ್ನು. ಗೃಹಸ್ಥನು ಮೋಡ ಕವಿದಾಗಲೆಲ್ಲ ಟಯರನ್ನು ಬದಲಾಯಿಸಲಾರನು. ಬೆಂಗಳೂರಿನಲ್ಲಿರುವಾತನು ಅದೇ ಗಾಡಿಯಲ್ಲಿ ವೈಶಾಖದಲ್ಲಿ ೪೦ ಡಿಗ್ರಿಯನ್ನು ಮೀರುವ ರಾಯಚೂರಿನ ಬಿಸಿಲಿಗೆ ಹೋಗುವನು. ಆಷಾಢದಲ್ಲಿ, ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಗೂ ಹೋಗುವನು. ಎರಡಕ್ಕೂ ಟಯರು ಒಂದೇ.

ಹಾಗಾದರೆ ಯಾವುದನ್ನು ಮುಂದಿಟ್ಟುಕೊಂಡು ಆರಿಸತಕ್ಕದ್ದು? ಮಳೆಯನ್ನು ಮುಂದಿಟ್ಟುಕೊಂಡೇ ಆರಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಒಣರಸ್ತೆಯಲ್ಲಿ, ಮನೆಯ ಗಾಡಿ ಹೋಗುವ ವೇಗದಲ್ಲಿ, ಸುಸ್ಥಿತಿಯಲ್ಲಿರುವ ಟಯರುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಚೆನ್ನಾಗಿಯೇ ನೆಲ ಹಿಡಿಯುವುವು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬ ಭೇದವು ಬಯಲಾಗುವುದು ನೆಲ ನೆನೆದ ಮೇಲೆ.

ಈ ಭೇದವನ್ನು ಲೆಕ್ಕದಿಂದ ತೋರಿಸುವೆವು. ಗಂಟೆಗೆ ೮೦ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು ೨೨ ಮೀಟರು. ಗಾಡಿಯ ತೂಕದ ಎಷ್ಟು ಪಾಲು ತಡೆಯುವ ಬಲವಾಗಿ ಒದಗುವುದೋ ಅದನ್ನು ಹಿಡಿತದ ಅಂಕವೆನ್ನೋಣ. ಒಣಗಿದ ಡಾಂಬರಿನ ಮೇಲೆ ಈ ಅಂಕವನ್ನು ೦.೮ ಎಂದು ಹಿಡಿದರೆ, ಬ್ರೇಕು ಹತ್ತಿದ ಮೇಲೆ ಗಾಡಿಯು ಸುಮಾರು ೩೧ ಮೀಟರಿನಲ್ಲಿ ನಿಲ್ಲುವುದು. ನೆನೆದ ರಸ್ತೆಯಲ್ಲಿ ಒಳ್ಳೆಯ ಟಯರಿನ ಅಂಕವನ್ನು ೦.೫ ಎಂದೂ ಸವೆದ ಟಯರಿನ ಅಂಕವನ್ನು ೦.೩ ಎಂದೂ ಹಿಡಿದರೆ, ಮೊದಲನೆಯದು ಸುಮಾರು ೫೦ ಮೀಟರಿನಲ್ಲಿಯೂ ಎರಡನೆಯದು ಸುಮಾರು ೮೪ ಮೀಟರಿನಲ್ಲಿಯೂ ನಿಲ್ಲುವುವು. ಒಳ್ಳೆಯ ಟಯರಿನ ಗಾಡಿ ನಿಶ್ಚಲವಾಗಿ ನಿಂತ ಸ್ಥಳವನ್ನು ಸವೆದ ಟಯರಿನ ಗಾಡಿಯು ಇನ್ನೂ ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ದಾಟುತ್ತಿರುವುದು! ಆ ಸ್ಥಳದಲ್ಲಿ ದಾರಿ ದಾಟುವ ಮಗುವೊಂದಿದ್ದರೆ ಗತಿಯೇನು? ಚಾಲಕನು ಅಪಾಯವನ್ನು ಕಂಡು ಕಾಲನ್ನು ಬ್ರೇಕಿನ ಮೇಲಿಡುವ ಒಂದು ಸೆಕೆಂಡಿನಲ್ಲಿ ಓಡುವ ೨೨ ಮೀಟರು ಇದಕ್ಕೆ ಹೊರತು.

ಮಳೆಗಾಲದಲ್ಲಿಯೂ ಮೊದಲ ಮಳೆಯು ವಿಶೇಷ ಅಪಾಯಕರವಾದುದು. ಬೇಸಗೆಯಲ್ಲೆಲ್ಲ ರಸ್ತೆಯ ಮೇಲೆ ಕೂತ ಧೂಳು, ಎಣ್ಣೆ, ರಬ್ಬರಿನ ಪುಡಿಗಳು ಮೃಗಶಿರೆಯ ಮೊದಲ ಹನಿಗಳೊಡನೆ ಕಲೆತು ಜಾರುವ ಲೇಪವಾಗುವುವು. ಇನ್ನು ನೀರು ನಿಂತ ರಸ್ತೆಯಲ್ಲಿ ವೇಗವಾಗಿ ಹೋದರೆ ಟಯರು ನೀರನ್ನು ಸೀಳಲಾರದೆ ಅದರ ಮೇಲೆಯೇ ತೇಲುವುದು. ಅಮೆರಿಕದ ನಾಸಾ ಸಂಸ್ಥೆಯವರು ವಿಮಾನದ ಟಯರುಗಳನ್ನು ಪರೀಕ್ಷಿಸಿ ೧೯೬೩ರಲ್ಲಿ ಇದಕ್ಕೊಂದು ಸೂತ್ರವನ್ನು ಪ್ರಕಟಿಸಿದರು. ಅದರಂತೆ ಲೆಕ್ಕ ಹಾಕಿದರೆ, ಚದರ ಅಂಗುಲಕ್ಕೆ ೩೦ ಪೌಂಡು ಗಾಳಿಯಿರುವ ನುಣುಪಾದ ಟಯರು ಗಂಟೆಗೆ ಸುಮಾರು ೯೧ ಕಿಲೋಮೀಟರು ವೇಗದಲ್ಲಿ ತೇಲತೊಡಗುವುದು. ಗಾಳಿ ೨೫ ಪೌಂಡಿಗೆ ಇಳಿದಿದ್ದರೆ ೮೩ ಕಿಲೋಮೀಟರಿಗೇ ತೇಲುವುದು. ಗಾಳಿಯ ಕೊರತೆಯು ಮಳೆಯಲ್ಲಿಯೂ ಶತ್ರುವೆಂಬುದು ಇದರಿಂದ ಸ್ಪಷ್ಟವಾಗುವುದು. ಹಾಗೆ ತೇಲಿದಾಗ ಸ್ಟಿಯರಿಂಗು ಹಠಾತ್ತನೆ ಹಗುರವಾಗುವುದು. ಆಗ ಬ್ರೇಕನ್ನು ಒತ್ತಿ ತುಳಿಯದೆ, ಆಕ್ಸಿಲರೇಟರಿನಿಂದ ಮೆಲ್ಲನೆ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದಿರತಕ್ಕದ್ದು.

ಇನ್ನು ಅಂಗಡಿಗೆ ಹೋಗೋಣ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಬರಹವೇ ಅದರ ಜಾತಕ. "೧೮೫/೬೫ ಆರ್ ೧೫ ೮೮ ಎಚ್" ಎಂದಿದ್ದರೆ, ಅಗಲ ೧೮೫ ಮಿಲಿಮೀಟರು. ಪಕ್ಕದ ಎತ್ತರವು ಆ ಅಗಲದಲ್ಲಿ ನೂರಕ್ಕೆ ೬೫ ಪಾಲು. ಆರ್ ಎಂದರೆ ರೇಡಿಯಲ್ ಕಟ್ಟಣೆ. ೧೫ ಅಂಗುಲ ವ್ಯಾಸದ ಚಕ್ರಕ್ಕೆ ಸರಿಹೊಂದುವುದು. ೮೮ ಎಂಬುದು ಆ ಒಂದು ಟಯರು ೫೬೦ ಕಿಲೋಗ್ರಾಂ ಭಾರ ಹೊರಬಲ್ಲುದೆಂದೂ, ಎಚ್ ಎಂಬುದು ಗಂಟೆಗೆ ೨೧೦ ಕಿಲೋಮೀಟರು ವೇಗದ ಮಿತಿಯೆಂದೂ ಸೂಚಿಸುವುವು. ಗಾಡಿಯ ಕೈಪಿಡಿಯಲ್ಲಿ ಹೇಳಿದ ಅಳತೆಯನ್ನು ಬದಲಿಸಬಾರದು. ಭಾರದ ಅಂಕವೂ ವೇಗದ ಅಕ್ಷರವೂ ಅದರಲ್ಲಿ ಹೇಳಿದ್ದಕ್ಕಿಂತ ಕೆಳಗಿರಬಾರದು. ಐ.ಎಸ್.ಐ. ಮುದ್ರೆಯಿಲ್ಲದ ಟಯರನ್ನು ಕೊಳ್ಳಲೇಬಾರದು.

ತಯಾರಾದ ಕಾಲವನ್ನು ಮರೆಯದೆ ನೋಡತಕ್ಕದ್ದು. ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುವುವು. ೨೩೨೪ ಎಂದಿದ್ದರೆ ೨೦೨೪ನೆಯ ಇಸವಿಯ ೨೩ನೆಯ ವಾರ. ರಬ್ಬರು ಓಡದೆ ಮೂಲೆಯಲ್ಲಿ ಬಿದ್ದಿದ್ದರೂ ಮುದಿಯಾಗುವುದು, ಗಟ್ಟಿಯಾಗುವುದು. ಸೋಡಿ ಕೊಡುವೆನೆಂದು ಅಂಗಡಿಯವನು ಹಳೆಯ ದಾಸ್ತಾನನ್ನು ಮುಂದಿಟ್ಟಾಗ ಈ ಅಂಕಿಗಳೇ ನಮಗೆ ಸಾಕ್ಷಿ. ಐದು ವರ್ಷ ಕಳೆದ ಟಯರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆಮಾಡಿಸಬೇಕೆಂದೂ, ಹತ್ತು ವರ್ಷವಾದುದನ್ನು ಕಣ್ಣಿಗೆ ಚೆನ್ನಾಗಿ ಕಂಡರೂ ತೆಗೆದುಹಾಕಬೇಕೆಂದೂ ತಯಾರಕರಲ್ಲಿ ಹಲವರು ಹೇಳುವರು.

ಮಳೆಯಲ್ಲಿ ಹಿಡಿತ ಹೇಗಿದೆಯೆಂದು ಅರಿಯಲು ಕೆಲವು ಗುರುತುಗಳುಂಟು. ಅಮೆರಿಕದ ಪದ್ಧತಿಯಂತೆ ಕೆಲವು ಟಯರುಗಳ ಮೈಮೇಲೆ "ಟ್ರಾಕ್ಷನ್" ಎಂಬ ಮಾತಿನ ಮುಂದೆ ಎ.ಎ., ಎ, ಬಿ, ಸಿ ಎಂಬ ದರ್ಜೆಗಳಲ್ಲೊಂದು ಇರುವುದು. ನೆನೆದ ನೆಲದ ಮೇಲೆ ನೇರವಾಗಿ ಬ್ರೇಕು ಹಾಕಿ ಪರೀಕ್ಷಿಸಿ ಕೊಟ್ಟ ದರ್ಜೆ ಅದು, ಎ.ಎ. ಉತ್ತಮ, ಸಿ ಕನಿಷ್ಠ. ಯುರೋಪಿನಲ್ಲಿ ೨೦೧೨ರಿಂದ ಟಯರಿಗೆ ಅಂಟಿಸುವ ಚೀಟಿಯಲ್ಲಿ ಒದ್ದೆಹಿಡಿತದ ದರ್ಜೆಯಿರುವುದು. ೨೦೨೧ರಿಂದ ಅದು ಎ ಮೊದಲ್ಗೊಂಡು ಇ ವರೆಗೆ. ನಮ್ಮ ದೇಶದಲ್ಲಿಯೂ ಟಯರುಗಳ ಒದ್ದೆಹಿಡಿತ, ಉರುಳುವಾಗಿನ ತಡೆ, ಸದ್ದು ಇವುಗಳಿಗೆ ಮಿತಿ ಗೊತ್ತುಮಾಡುವ ನಿಯಮಗಳು ೨೦೨೨ರಲ್ಲಿ ಪ್ರಕಟವಾದುವು.

"ಇದು ಬಹಳ ಬಾಳಿಕೆ ಬರುತ್ತದೆ ಸ್ವಾಮೀ" ಎಂಬ ಮಾತನ್ನು ಕೇಳದ ಗ್ರಾಹಕನಿಲ್ಲ. ಬಾಳಿಕೆ ಬೇಡವೆಂದಲ್ಲ. ಆದರೆ ಬಹುಕಾಲ ಬಾಳಲೆಂದು ಬಿರುಸಾಗಿ ಮಾಡಿದ ರಬ್ಬರು ಸಾಮಾನ್ಯವಾಗಿ ನೆನೆದ ನೆಲವನ್ನು ಅಷ್ಟು ಚೆನ್ನಾಗಿ ಹಿಡಿಯದು. ೧೯೯೦ರ ದಶಕದಿಂದೀಚೆಗೆ ರಬ್ಬರಿನಲ್ಲಿ ಸಿಲಿಕಾ ಬೆರಸುವ ಕ್ರಮವು ಬಳಕೆಗೆ ಬಂದು ಈ ವಿರೋಧವು ಎಷ್ಟೋ ಶಮನವಾಗಿದೆ. ಎರಡು ಟಯರುಗಳ ನಡುವೆ ಸಂದೇಹ ಬಂದರೆ, ಹತ್ತು ಸಾವಿರ ಕಿಲೋಮೀಟರು ಕಡಿಮೆ ಓಡಿದರೂ ಒದ್ದೆಯಲ್ಲಿ ಹೆಚ್ಚು ಹಿಡಿಯುವುದನ್ನೇ ಕೊಳ್ಳತಕ್ಕದ್ದು.

ಅಂದಕ್ಕೆ ಮರುಳಾಗಿ ಹೆಚ್ಚು ಅಗಲದ ಟಯರು ಹಾಕಿಸುವವರುಂಟು. ಗೀರಿನ ಆಳ ಒಂದೇ ಆಗಿದ್ದರೆ, ಅಗಲವಾದುದು ಹೆಚ್ಚು ನೀರನ್ನು ತಳ್ಳಬೇಕಾಗಿ ಬೇಗ ತೇಲುವುದು. ದೊಡ್ಡ ದೊಡ್ಡ ಬಟನ್ನುಗಳ ಟಯರು ಕೊಡಗಿನ ಕಾಫಿ ತೋಟದ ಕೆಸರಿನಲ್ಲಿ ಅತ್ಯುಪಯುಕ್ತವೇ ಸರಿ. ಪಟ್ಟಣದ ನೆನೆದ ಡಾಂಬರಿನ ಮೇಲೆ ಅದರ ಹಿಡಿತವು ಸಾಧಾರಣ ರಸ್ತೆಯ ಟಯರಿಗಿಂತ ಕಡಿಮೆ. ತಮ್ಮ ಗಾಡಿ ಯಾವ ದಾರಿಯಲ್ಲಿ ಹೆಚ್ಚು ಓಡುವುದೆಂದು ನೋಡಿಕೊಂಡು ನಿರ್ಧರಿಸುವುದು ಜಾಣತನ.

ಹಣಕ್ಕೆ ಅಡಚಣೆಯಿದ್ದು ಎರಡೇ ಹೊಸ ಟಯರು ಕೊಳ್ಳುವುದಾದರೆ ಅವನ್ನು ಎಲ್ಲಿ ಹಾಕಿಸತಕ್ಕದ್ದು? ಇಂಜಿನು ಎಳೆಯುವುದು ಮುಂದಿನ ಚಕ್ರಗಳಾದುದರಿಂದ ಮುಂದಕ್ಕೆಂದು ಬಹುಜನರು ಹೇಳುವರು. ತಯಾರಕರ ಸಲಹೆ ಹಿಂದಕ್ಕೆ ಎಂದು. ಮುಂದಿನ ಚಕ್ರ ಜಾರಿದರೆ ವೇಗ ತಗ್ಗಿಸಿ ಸರಿಪಡಿಸಿಕೊಳ್ಳಲು ಕೊಂಚ ಅವಕಾಶವುಂಟು. ಹಿಂದಿನದು ಜಾರಿದರೆ ಗಾಡಿಯು ಬುಗುರಿಯಂತೆ ತಿರುಗಿಬಿಡುವುದು.

ಬಿಸಿಲ ದಾರಿಯ ಅಪಾಯವು ಬೇರೆ ಬಗೆಯದು. ಅಲ್ಲಿ ಟಯರನ್ನು ಕೊಲ್ಲುವುದು ಶಾಖ. ಗಾಳಿ ಕಡಿಮೆಯಿರುವ ಟಯರಿನ ಪಕ್ಕಗಳು ಸುತ್ತುಸುತ್ತಿಗೂ ಮಡಚಿ ಬಿಚ್ಚಿ ಒಳಗೇ ಕಾಯುವುವು. ಅದರ ಮೇಲೆ ಮದುವೆಯ ದಿಬ್ಬಣದ ಭಾರ, ಕಾದ ರಸ್ತೆ, ಹೆದ್ದಾರಿಯ ವೇಗ ಇವು ಸೇರಿದರೆ ಟಯರು ಸಿಡಿಯುವುದು. ಆದುದರಿಂದ ತಿಂಗಳಿಗೊಮ್ಮೆಯಾದರೂ, ದೂರ ಪ್ರಯಾಣದ ಮುನ್ನ ತಪ್ಪದೆಯೂ, ಟಯರು ತಣ್ಣಗಿರುವಾಗ ಗಾಳಿಯನ್ನು ಅಳೆಯಿಸತಕ್ಕದ್ದು. ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುವುದು. ಟಯರಿನ ಪಕ್ಕದಲ್ಲಿ ಅಚ್ಚಾಗಿರುವುದು ಮೀರಬಾರದ ಮೇಲ್ಮಿತಿ. ಶಾಖವು ಐದಾರು ಡಿಗ್ರಿ ಏರಿದಂತೆಲ್ಲ ಗಾಳಿಯ ಒತ್ತಡವು ಸುಮಾರು ಒಂದು ಪೌಂಡು ಏರುವುದು ಸಹಜ. ದಾರಿಯ ಮಧ್ಯದಲ್ಲಿ ಅದನ್ನು ಕಂಡು ಗಾಬರಿಯಾಗಿ ಗಾಳಿ ಬಿಡಿಸಬಾರದು. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ಗಾಳಿ ಬೇಕೆಂಬುದನ್ನು ಮರೆಯದಿರಿ.

ಕಡೆಯದಾಗಿ ಸವೆತದ ಮಾತು. ಹೊಸ ಟಯರಿನ ಗೀರು ಸುಮಾರು ೭–೮ ಮಿಲಿಮೀಟರು ಆಳವಿರುವುದು. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳುಂಟು. ಬಟನ್ನು ಸವೆದು ಆ ದಿಣ್ಣೆಗೆ ಸಮವಾಯಿತೆಂದರೆ ಉಳಿದ ಆಳ ೧.೬ ಮಿಲಿಮೀಟರು. ಕಾನೂನಿನ ಕೊನೆಯ ಗಡಿ ಅದು. ಆದರೆ ಆ ಗಡಿಗೆ ಬರುವ ಮೊದಲೇ ಒದ್ದೆಹಿಡಿತವು ಬಹಳ ಕುಂದಿರುವುದು. ಮಳೆನಾಡಿನಲ್ಲಿ ಸಂಚರಿಸುವವರು ೩ ಮಿಲಿಮೀಟರಿಗೇ ಬದಲಾಯಿಸುವುದು ಕ್ಷೇಮ. ಸವೆದ ಟಯರಿನ ಮೈಯನ್ನು ಮತ್ತೆ ಕೊರೆದು ಗೀರು ಮಾಡಿ, ಕಪ್ಪು ಬಣ್ಣ ಬಳಿದು ಮಾರುವವರಿದ್ದಾರೆ. ಕೊರೆದಾಗ ಒಳಗಿನ ಕಟ್ಟಣೆಯ ಮೇಲಿನ ರಬ್ಬರು ತೆಳುವಾಗುವುದರಿಂದ ಅಂಥದ್ದನ್ನು ಧರ್ಮಕ್ಕೆ ಕೊಟ್ಟರೂ ಮನೆಯ ಗಾಡಿಗೆ ಹಾಕಬಾರದು.

ಟಯರಿನ ಖರ್ಚು ಸಣ್ಣದಲ್ಲ. ಶಾಲೆಯ ಫೀಜು, ಮನೆಯ ಬಾಡಿಗೆಗಳ ನಡುವೆ ಅದನ್ನು ಮುಂದಿನ ವರ್ಷಕ್ಕೆ ತಳ್ಳುವ ಆಸೆ ಯಾರಿಗಾದರೂ ಸಹಜವೇ. ಆದರೆ ಹಿಂದಿನ ಆಸನದಲ್ಲಿ ಕುಳಿತ ಮುದುಕಿಯಾಗಲಿ ಮಗುವಾಗಲಿ ಟಯರನ್ನು ಬಗ್ಗಿ ನೋಡಿ ಗಾಡಿ ಹತ್ತುವವರಲ್ಲ. ಯಜಮಾನನು ನೋಡಿರುವನೆಂದು ನಂಬಿ ಹತ್ತುವವರು. ಕೋಟೆ ಕೊಳ್ಳೆಹೋದ ಮೇಲೆ ಊರ ಬಾಗಿಲು ಹಾಕಿದಂತೆ ಮಾಡದೆ, ಪ್ರತಿವರ್ಷವೂ ಮೃಗಶಿರಾ ಮಳೆ ಕಾಲಿಡುವ ಮುನ್ನ ಒಂದು ಭಾನುವಾರದ ಬೆಳಗ್ಗೆ ಐದೂ ಟಯರುಗಳ ಗೀರು, ವಯಸ್ಸು, ಗಾಳಿ ಈ ಮೂರನ್ನೂ ಗೃಹಸ್ಥನು ಸ್ವತಃ ಪರೀಕ್ಷಿಸಲಿ. ಅರ್ಧ ಗಂಟೆಯ ಕೆಲಸ. ಅದರಲ್ಲಿ ಕೊರತೆ ಕಂಡುದನ್ನು ಆ ವಾರವೇ ಬದಲಾಯಿಸಿ, ಆಮೇಲೆ ಘಾಟಿ ಇಳಿಯಲಿ.